ಬಾಲದ ಚುಕ್ಕಿಯೂ ಹತ್ತು ಪೈಸೆಯ ವ್ಯತ್ಯಾಸವೂ

ಮಕ್ಕಳೇ, ಮಕ್ಕಳ ಪಕ್ಕದಲ್ಲಿ ಕೂತು ಈ ಪುಟ ಓದುವ ಅಜ್ಜಿ ತಾತಂದಿರೇ,

ಚಾಮರಾಜಪೇಟೆಯಿಂದ ಎಂಟನೇ ತರಗತಿಯ ಹುಡುಗಿಯೊಬ್ಬಳು ಕಾರ್ಡು ಬರೆದಿದ್ದಾಳೆ. ಅಕ್ಷರ ಮುತ್ತಿನ ಹಾಗಿದೆ. “ಧೂಮಕೇತುವಿಗೂ ವಾತಾವರಣ ಇರುತ್ತದೆ ಅಂತ ನಮ್ಮ ಮಿಸ್ ಹೇಳಿದರು. ಅಲ್ಲಿಗೆ ಹೋಗದೆ ಅದನ್ನು ಹೇಗೆ ಅಳೆಯುತ್ತಾರೆ ತಾತ? ಇನ್ನೊಂದು ಪ್ರಶ್ನೆ. ಬಾಲದ ಚುಕ್ಕಿ ಬಂದರೆ ಕೆಡುಕಾಗುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಾರೆ. ನಿಜವಾ?”

ಈ ವಾರ ಒಂದು ಪ್ರಶ್ನೆ, ಮುಂದಿನ ವಾರ ಇನ್ನೊಂದು ಎಂದುಕೊಂಡಿದ್ದೆ. ಬರೆಯಲು ಕೂತ ಮೇಲೆ ಎರಡೂ ಒಂದೇ ಖಾತೆಗೆ ಸೇರಿದವು ಎಂದು ಗೊತ್ತಾಯಿತು. ಆದ್ದರಿಂದ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಕಾಫಿ, ಹಾಲು ಏನು ಬೇಕೋ ತಂದಿಟ್ಟುಕೊಂಡು ಕೂತುಕೊಳ್ಳಿ.

ಮೊದಲು ಧೂಮಕೇತುವಿನ ಮೈಕಟ್ಟು ತಿಳಿಯೋಣ. ಅದರ ಗಟ್ಟಿ ಭಾಗ ತೀರ ಚಿಕ್ಕದು, ಮಂಜುಗಡ್ಡೆ ಮತ್ತು ಧೂಳು ಕಲೆಸಿಟ್ಟ ಉಂಡೆ. ಹೆಸರುವಾಸಿಯಾದ ಹ್ಯಾಲಿ ಧೂಮಕೇತುವಿನ ಗಟ್ಟಿ ಭಾಗದ ಉದ್ದ ಸುಮಾರು 15 ಕಿ.ಮೀ. ಬಸವನಗುಡಿಯಿಂದ ಹೊರಟರೆ ಯಲಹಂಕ ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಸೂರ್ಯನ ಹತ್ತಿರ ಬರುತ್ತಿದ್ದಂತೆ ಮಂಜು ಕಾದು ಹಬೆಯಾಗಿ ಏಳುತ್ತದೆ. ಅದರಲ್ಲಿ ಹೆಚ್ಚಿನದು ನೀರಾವಿ, ಜತೆಗೆ ಇಂಗಾಲದ ಅನಿಲಗಳು, ಧೂಳು. ಉಂಡೆಯ ಸುತ್ತ ಈ ಹಬೆ ಒಂದು ಲಕ್ಷ ಕಿ.ಮೀ.ಗೂ ಹೆಚ್ಚು ಹರಡಬಲ್ಲದು. ಇದೇ ಅದರ ವಾತಾವರಣ.

ನಮ್ಮ ಭೂಮಿ ತನ್ನ ಗಾಳಿಯನ್ನು ಸೆಳೆದು ಹಿಡಿದುಕೊಂಡಿದೆ. ಧೂಮಕೇತುವಿಗೆ ಆ ಶಕ್ತಿ ಇಲ್ಲ. ಎದ್ದ ಹಬೆ ಹೊರಟೇ ಹೋಗುತ್ತದೆ, ಹಿಂದೆಯೇ ಹೊಸ ಹಬೆ ಏಳುತ್ತದೆ. ತೂತುಬಿದ್ದ ಬಿಂದಿಗೆಯನ್ನು ನಲ್ಲಿಯ ಕೆಳಗೆ ಇಟ್ಟ ಹಾಗೆ. ಈ ಹಬೆಯ ಮೇಲೆ ಬಿಸಿಲು ಬಿದ್ದಾಗ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ. ಹೀಗೆ ವಿದ್ಯುತ್ ಪಡೆದ ಅನಿಲವನ್ನು ಸೂರ್ಯನ ಕಡೆಯಿಂದ ಬೀಸುವ ಗಾಳಿ ಹೊತ್ತೊಯ್ಯುತ್ತದೆ. ಅದೇ ನೆಟ್ಟಗಿನ ನೀಲಿ ಬಾಲ. ಧೂಳಿನದು ಇನ್ನೊಂದು ಬಾಲ, ಅದು ಸ್ವಲ್ಪ ಬಾಗಿರುತ್ತದೆ.

ಅಲ್ಲಿಗೆ ಯಂತ್ರ ಕಳಿಸಿ ನೋಡಿದ್ದೂ ಉಂಟು. ಯುರೋಪಿನ ಜೊತ್ತೊ ನೌಕೆ 1986ರ ಮಾರ್ಚಿನಲ್ಲಿ ಹ್ಯಾಲಿಯ ಗಟ್ಟಿ ಭಾಗದಿಂದ ಸುಮಾರು 600 ಕಿ.ಮೀ. ದೂರದಲ್ಲೇ ಹಾದು ಚಿತ್ರ ಕಳಿಸಿತು. ಆದರೆ ಬಂದ ಬಂದ ಧೂಮಕೇತುವಿಗೆಲ್ಲ ನೌಕೆ ಕಳಿಸಲು ಆಗುತ್ತದೆಯೆ? ಮನೆಯಲ್ಲೇ ಕೂತು ಅಳೆಯುವ ಉಪಾಯ ಬೇಕು.

ಉಪಾಯ ಇದೆ. ಸಂಜೆ ದೇವರ ಮನೆಯಲ್ಲಿ ಸಾಂಬ್ರಾಣಿ ಹಾಕಿದಾಗ ಹೊಗೆಯನ್ನೇ ನೋಡಬೇಡಿ, ಅದರ ಆಚೆ ಉರಿಯುವ ದೀಪವನ್ನು ನೋಡಿ. ದೀಪ ಎಷ್ಟು ಮಸುಕಾಯಿತು, ಎಷ್ಟು ನಡುಗಿತು ಎಂದು ಗಮನಿಸಿದರೆ ಮಧ್ಯೆ ಇರುವ ಹೊಗೆ ಎಷ್ಟು ಎಂದು ಹೇಳಬಹುದು. ಧೂಮಕೇತುವಿನ ಹಬೆ ಬಹಳ ತೆಳು, ಹಿಂದಿನ ನಕ್ಷತ್ರಗಳು ಅದರೊಳಗಿಂದ ಕಾಣುತ್ತವೆ. ಹಾಗಾಗಿ ಧೂಮಕೇತುವಿನ ಆಚೆ ಇರುವ ದೀಪವನ್ನು ಹುಡುಕಿಕೊಂಡರೆ ಆಯಿತು.

ಇಂಥ ಪತ್ತೇದಾರಿಕೆ ಬೆಂಗಳೂರಿಗೆ ಹೊಸದಲ್ಲ. ಮಲ್ಲೇಶ್ವರದ ‘ಪಂಚವಟಿ’ ಮನೆಯ ಸಿ.ವಿ. ರಾಮನ್ ಕಲ್ಕತ್ತೆಯಲ್ಲಿದ್ದಾಗ, 1928ರ ಫೆಬ್ರವರಿ 28ರಂದು, ಕಂಡುಕೊಂಡದ್ದೂ ಇದೇ ಜಾತಿಯದು. ದ್ರವದೊಳಗೆ ಹೊಕ್ಕು ಚದುರಿ ಬಂದ ಬೆಳಕು ಆ ದ್ರವದ ಸುದ್ದಿಯನ್ನು ಹೊತ್ತು ತರುತ್ತದೆ ಎಂದು ಅವರು ತೋರಿಸಿಕೊಟ್ಟರು. ಅವರ ಮಗ ವಿ. ರಾಧಾಕೃಷ್ಣನ್ ಹಿಡಿದದ್ದು ಬೆಳಕಿನ ದೊಡ್ಡಣ್ಣನಾದ ರೇಡಿಯೋ ಅಲೆಯನ್ನು. ಅವರ ವಿಚಾರ ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ.

ಈಗ ಒಂದು ಸರಪಳಿ ಹೇಳುತ್ತೇನೆ, ಗಮನವಿಟ್ಟು ಕೇಳಿ. ಧೂಮಕೇತುವಿನ ನೆಟ್ಟಗಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ತಿರುಗಿಸಿಕೊಂಡೇ ಇರುತ್ತದೆ. ಏಕೆ? ಸೂರ್ಯನಿಂದ ಸದಾ ಏನೋ ಬೀಸುತ್ತಿರಬೇಕು ಎಂದು ಜರ್ಮನಿಯ ಲುಡ್ವಿಗ್ ಬಿಯರ್‌ಮನ್ 1951ರಲ್ಲಿ ಹೇಳಿದರು. ಆ ಗಾಳಿ ಹೇಗೆ ಹುಟ್ಟುತ್ತದೆ ಎಂದು ಅಮೆರಿಕದ ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿದರು. ಇದೇ ಸೌರಮಾರುತ. ಗಾಳಿಪಟ ನೋಡಿ ಗಾಳಿಯ ದಿಕ್ಕು ಹೇಳುವ ಹಾಗೆ, ಬಾಲದ ಚುಕ್ಕಿ ನೋಡಿ ಸೂರ್ಯನ ಗಾಳಿಯನ್ನು ಕಂಡುಹಿಡಿದರು.

ನಮ್ಮ ಗಾಳಿಯಿಂದಾಗಿ ನಕ್ಷತ್ರಗಳು ಮಿಣುಕುತ್ತವೆ ಅಲ್ಲವೆ? ಹಾಗೆಯೇ ಸೂರ್ಯನ ಗಾಳಿಯಿಂದಾಗಿ ದೂರದ ರೇಡಿಯೋ ಮೂಲಗಳು ಮಿಣುಕುತ್ತವೆ. ಇಂದು ರಾತ್ರಿ ತಾರಸಿಗೆ ಹೋಗಿ ನೋಡಿ. ನಕ್ಷತ್ರ ಮಿಣುಕುತ್ತದೆ, ಗುರುಗ್ರಹ ಅಷ್ಟಾಗಿ ಮಿಣುಕುವುದಿಲ್ಲ. ಬಿಂದುವಿನಂತೆ ಕಾಣುವುದು ಮಿಣುಕುತ್ತದೆ, ತಟ್ಟೆಯಂತಿರುವುದು ಮಿಣುಕುವುದಿಲ್ಲ. ಆಕಾಶದಲ್ಲಿ ಬಿಂದುವಿನಂಥ ರೇಡಿಯೋ ಮೂಲಗಳು ಎಲ್ಲೆಲ್ಲಿವೆ ಎಂದು ಈ ಮಿಣುಕಿನಿಂದ ಹುಡುಕಲು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಆಂಟನಿ ಹ್ಯೂಯಿಶ್ ಒಂದು ದೊಡ್ಡ ಆಂಟೆನಾ ಕಟ್ಟಿಸಿದರು. ಗದ್ದೆಯಂಥ ಜಾಗ, ಸಾಲು ಸಾಲು ಕಂಬ, ತಂತಿ. ಕಂಬ ನೆಡುವ ಕೆಲಸಕ್ಕೂ ಕೈಹಾಕಿದ ವಿದ್ಯಾರ್ಥಿನಿ ಜೋಸ್ಲಿನ್ ಬೆಲ್. ದಿನಕ್ಕೆ ಸುಮಾರು 30 ಮೀಟರ್ ಕಾಗದದ ಮೇಲೆ ಪೆನ್ನು ಗೀಚುತ್ತಿತ್ತು. ಅಷ್ಟನ್ನೂ ಅವರು ಕಣ್ಣಿಂದಲೇ ನೋಡುತ್ತಿದ್ದರು. 1967ರಲ್ಲಿ ಆ ಗೀಚಿನ ನಡುವೆ ಅರ್ಧ ಇಂಚಿಗೂ ಕಡಿಮೆ ಜಾಗದ ಒಂದು ಕಿರಿಕಿರಿ ಕಂಡಿತು. ಅವರು ಬಿಡಲಿಲ್ಲ. ಕಾಗದದ ವೇಗ ಹೆಚ್ಚಿಸಿ ನೋಡಿದಾಗ 1.337 ಸೆಕೆಂಡಿಗೊಂದು ಮಿಡಿತ, ಗಡಿಯಾರ ಇಟ್ಟ ಹಾಗೆ! ಮೊದಲ ಪಲ್ಸಾರ್ ಸಿಕ್ಕಿದ್ದು ಹೀಗೆ. 1974ರ ನೊಬೆಲ್ ಬಹುಮಾನ ಹ್ಯೂಯಿಶ್ ಅವರಿಗೂ ಮಾರ್ಟಿನ್ ರೈಲ್ ಅವರಿಗೂ ಬಂತು, ಕಾಗದ ನೋಡಿದ ಹುಡುಗಿಗೆ ಬರಲಿಲ್ಲ. ಸಾಲು ಸಾಲು ಅಂಕಿಗಳ ಮೇಲೆ ಕಣ್ಣಿಟ್ಟು ದುಡಿದ ನನ್ನಂಥ ಗುಮಾಸ್ತರಿಗೆ ಇದು ಇವತ್ತಿಗೂ ಚುಚ್ಚುತ್ತದೆ.

ನೋಡಿದಿರಾ ಸರಪಳಿ? ಬಾಲದ ಚುಕ್ಕಿಯಿಂದ ಸೂರ್ಯನ ಗಾಳಿ, ಗಾಳಿಯಿಂದ ಮಿಣುಕು, ಮಿಣುಕು ಹುಡುಕುವಾಗ ಪಲ್ಸಾರ್. ಈಗ ಪಲ್ಸಾರನ್ನೇ ದೀಪ ಮಾಡಿಕೊಂಡು ಬಾಲದ ಚುಕ್ಕಿಯನ್ನು ನೋಡುವುದು ಎಂದರೆ ಸಾಲ ತೀರಿಸಿದ ಹಾಗೆ.

ಪಲ್ಸಾರ್ ಎಂದರೇನು? ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಕರಟ. ತೂಕ ಸೂರ್ಯನಿಗಿಂತ ಹೆಚ್ಚು, ಅಡ್ಡಳತೆ ಸುಮಾರು 20 ಕಿ.ಮೀ. ಮಾತ್ರ. ಅದು ಗಿರಗಿರನೆ ತಿರುಗುತ್ತಾ, ಸಮುದ್ರ ತೀರದ ದೀಪಸ್ತಂಭದ ಹಾಗೆ, ರೇಡಿಯೋ ಕಿರಣವನ್ನು ಸುತ್ತಲೂ ಬೀಸುತ್ತದೆ. ಕಿರಣ ನಮ್ಮ ಕಡೆ ತಿರುಗಿದಾಗಲೆಲ್ಲ ಒಂದು ಮಿಡಿತ. ಕಿರಣ ಹೊರಡುವುದು ಅದರ ಕಾಂತಧ್ರುವದ ಬಳಿಯಿಂದ ಎಂಬ ವಿವರಣೆಯನ್ನು ಕೊಟ್ಟವರಲ್ಲಿ ನಮ್ಮ ರಾಧಾಕೃಷ್ಣನ್ ಮುಖ್ಯರು. 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ‘ವೇಲಾ’ ಎಂಬ ಪಲ್ಸಾರನ್ನು ನೋಡಿ, ಕುಕ್ ಎಂಬ ಸಂಗಡಿಗರ ಜತೆ ಅದನ್ನು ಬರೆದರು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಅವರು ಹೋದದ್ದು ಚಿಕ್ಕ ಹಾಯಿದೋಣಿಯಲ್ಲಿ! ಅಪ್ಪ ತೀರಿಕೊಂಡ ಮೇಲೆ 1972ರಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿ ಬಂದು, 1994ರವರೆಗೆ ಇದ್ದರು.

ಅವರ ಸಂಸ್ಥೆಯೂ ಭಾರತೀಯ ಖಭೌತ ಸಂಸ್ಥೆಯೂ ಸೇರಿ ಗೌರಿಬಿದನೂರಿನ ಬಳಿ 1976ರಲ್ಲಿ ಒಂದು ರೇಡಿಯೋ ದೂರದರ್ಶಕ ನಡೆಸಲು ತೊಡಗಿದವು. ದೂರದರ್ಶಕ ಎಂದರೆ ಗಾಜು, ಕೊಳವೆ ಎಂದುಕೊಳ್ಳಬೇಡಿ. ಬಯಲಿನಲ್ಲಿ ಸಾವಿರ ಆಂಟೆನಾಗಳು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಂತಿದ್ದವು. ಪೂರ್ವ ಪಶ್ಚಿಮಕ್ಕೆ ಸುಮಾರು 1.4 ಕಿ.ಮೀ. ಅದು ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ, ಬಹಳ ತಗ್ಗಿನ ಸ್ವರ. ಕೆಲವು ಪಲ್ಸಾರ್‌ಗಳ ಮಿಡಿತವನ್ನೂ ಅಲ್ಲಿ ಹಿಡಿದರು.

ತಗ್ಗಿನ ಸ್ವರದಿಂದ ಏನು ಲಾಭ? ಇದಕ್ಕೆ ಬಸವನಗುಡಿಯವರಿಗೆ ಗೊತ್ತಿರುವ ಉದಾಹರಣೆಯನ್ನೇ ಕೊಡುತ್ತೇನೆ.

ಕಾರ್ತಿಕದ ಕೊನೆಯ ಸೋಮವಾರ, ಕಡಲೆಕಾಯಿ ಪರಿಷೆ. ರಾಮಕೃಷ್ಣ ಆಶ್ರಮದ ವೃತ್ತದಿಂದ ದೊಡ್ಡ ಬಸವಣ್ಣನ ಗುಡಿಗೆ ಅಜ್ಜಿಯೂ ಮೊಮ್ಮಗನೂ ಒಟ್ಟಿಗೆ ಹೊರಡುತ್ತಾರೆ. ಮೊಮ್ಮಗ ಜನರ ಸಂದಿಯಲ್ಲಿ ನುಸುಳಿ ಓಡಿ ಗುಡಿ ಸೇರುತ್ತಾನೆ. ಅಜ್ಜಿ ಮಾತ್ರ ಪ್ರತಿ ಗುಡ್ಡೆಯ ಮುಂದೆಯೂ ನಿಲ್ಲುತ್ತಾರೆ. “ಸೇರು ಎಷ್ಟಪ್ಪಾ? ಕಾಯಿ ಬಲಿತಿದೆಯಾ? ಒಂದೆರಡು ಕೊಡು, ನೋಡೋಣ.” ಗುಡಿಯ ಬಾಗಿಲಲ್ಲಿ ನಿಂತ ನಾನು ರಸ್ತೆ ನೋಡಿಲ್ಲ. ಆದರೂ ಮೊಮ್ಮಗ ಬಂದ ಎಷ್ಟು ಹೊತ್ತಿಗೆ ಅಜ್ಜಿ ಬಂದರು ಎಂದು ಗಡಿಯಾರ ನೋಡಿದರೆ ದಾರಿಯಲ್ಲಿ ಎಷ್ಟು ಗುಡ್ಡೆ ಕಡಲೆಕಾಯಿ ಇತ್ತು ಎಂದು ಹೇಳಬಲ್ಲೆ.

ಪಲ್ಸಾರಿನ ಒಂದು ಮಿಡಿತದಲ್ಲಿ ಎಲ್ಲ ಕಂಪನಾಂಕದ ಅಲೆಗಳೂ ಒಟ್ಟಿಗೆ ಹೊರಡುತ್ತವೆ. ದಾರಿಯಲ್ಲಿರುವ ಎಲೆಕ್ಟ್ರಾನುಗಳೇ ಕಡಲೆಕಾಯಿ ಗುಡ್ಡೆಗಳು. ಎತ್ತರದ ಸ್ವರ ಮೊಮ್ಮಗ, ತಗ್ಗಿನ ಸ್ವರ ಅಜ್ಜಿ. ಕಂಪನಾಂಕ ಅರ್ಧಕ್ಕಿಳಿದರೆ ತಡ ನಾಲ್ಕು ಪಟ್ಟಾಗುತ್ತದೆ. ಜೋಸ್ಲಿನ್ ಬೆಲ್ ಕಂಡ ಆ ಮೊದಲ ಪಲ್ಸಾರನ್ನೇ ತೆಗೆದುಕೊಳ್ಳಿ. ಅದರ ಒಂದೇ ಮಿಡಿತ, ತಡವಿಲ್ಲದೆ ಬರುವ ಬೆಳಕಿಗೆ ಹೋಲಿಸಿದರೆ, ಊಟಿಯ ರೇಡಿಯೋ ದೂರದರ್ಶಕದ 326.5 ಮೆಗಾಹರ್ಟ್ಸ್‌ನಲ್ಲಿ ಸುಮಾರು ಅರ್ಧ ಸೆಕೆಂಡ್ ತಡ. ಗೌರಿಬಿದನೂರಿನ 34.5 ಮೆಗಾಹರ್ಟ್ಸ್‌ನಲ್ಲಿ ಸುಮಾರು 43 ಸೆಕೆಂಡ್ ತಡ! ಅಜ್ಜಿ ಎಲ್ಲ ಗುಡ್ಡೆಯನ್ನೂ ವಿಚಾರಿಸಿಕೊಂಡೇ ಬಂದಿದ್ದಾರೆ.

ಈಗ ಆ ದಾರಿಗೆ ಧೂಮಕೇತು ಅಡ್ಡ ಬಂತು ಎನ್ನಿ. ನಿನ್ನೆ ಇಲ್ಲದ ಒಂದು ಗುಡ್ಡೆ ಇಂದು ಹೊಸದಾಗಿ ಬಂದಿದೆ. ಅಜ್ಜಿಯ ತಡ ಅಷ್ಟು ಹೆಚ್ಚಬೇಕು. ಆ ಹೆಚ್ಚಳವನ್ನು ಅಳೆದರೆ ಧೂಮಕೇತುವಿನ ವಾತಾವರಣದಲ್ಲಿ ಎಷ್ಟು ಎಲೆಕ್ಟ್ರಾನ್ ಇದೆ ಎಂಬ ಲೆಕ್ಕ ನೇರವಾಗಿ ಸಿಕ್ಕಿತು. ದಿನ ದಿನವೂ ಅಳೆದರೆ ಹಬೆ ಏರಿತೋ ಇಳಿಯಿತೋ ಎಂದೂ ಗೊತ್ತಾಗುತ್ತದೆ. ಪುಟ್ಟೀ, ಇದೇ ನಿನ್ನ ಮೊದಲ ಪ್ರಶ್ನೆಗೆ ಉತ್ತರ.

ಕೇಳಲು ಸುಲಭ. ಆದರೆ ನಾನು ಬಿ.ಕಾಂ. ಓದಿದವನು, ಮೊತ್ತ ಹಾಕದೆ ನಂಬುವುದಿಲ್ಲ. ಧೂಮಕೇತುವಿನ ಬಾಲದ ದಪ್ಪ ಒಂದು ಲಕ್ಷ ಕಿ.ಮೀ., ಒಂದು ಘನ ಸೆಂಟಿಮೀಟರಿಗೆ ಸಾವಿರ ಎಲೆಕ್ಟ್ರಾನ್ ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಗೌರಿಬಿದನೂರಿನ ತಗ್ಗು ಸ್ವರದಲ್ಲೂ ಹೆಚ್ಚುವ ತಡ ಎಷ್ಟು ಗೊತ್ತೆ? ಒಂದು ಸೆಕೆಂಡನ್ನು ಲಕ್ಷ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಪಲ್ಸಾರಿನ ಮಿಡಿತವೇ ಅದಕ್ಕಿಂತ ಸಾವಿರಾರು ಪಟ್ಟು ಅಗಲ. ಸಾವಿರಾರು ಮಿಡಿತಗಳ ಸರಾಸರಿ ತೆಗೆದು ಆ ಚೂರನ್ನು ಹೆಕ್ಕಬೇಕು.

ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಅದೇ ದಾರಿಯಲ್ಲಿ ಸೂರ್ಯನ ಗಾಳಿಯೂ ಇದೆ. ಅದರ ಎಲೆಕ್ಟ್ರಾನು ತಂದೊಡ್ಡುವ ತಡ ಸುಮಾರು ಹತ್ತು ಚೂರು. ನಮ್ಮ ತಲೆಯ ಮೇಲೆ, ಭೂಮಿಯ ವಾತಾವರಣದ ಮೇಲುಪದರದಲ್ಲಿ, ಅಯಾನುಗೋಳ ಇದೆ. ಬೆಂಗಳೂರಿನ ಮಧ್ಯಾಹ್ನದ ಹೊತ್ತಿನಲ್ಲಿ ಅದರದ್ದು ನಾಲ್ಕೈದು ಚೂರು. ಇವೆರಡೂ ದಿನಕ್ಕೊಂದು ಥರ, ಹೊತ್ತಿಗೊಂದು ಥರ ಏರಿಳಿಯುತ್ತವೆ. ಇವುಗಳ ನಡುವೆ ಧೂಮಕೇತುವಿನ ಒಂದು ಚೂರು! ಇವತ್ತು ಒಂದು ಚೂರು ಹೆಚ್ಚಿಗೆ ಬಂತು ಎಂದರೆ ಅದು ಧೂಮಕೇತುವಿನದೇ ಎಂದು ಹೇಗೆ ಹೇಳುವುದು?

ಇಲ್ಲಿ ನನ್ನ ಬ್ಯಾಂಕಿನ ದಿನಗಳದ್ದು ಒಂದು ಮಾತು ಹೇಳಬೇಕು. ಕಂಪ್ಯೂಟರ್ ಇಲ್ಲದ ಕಾಲ. ಸಂಜೆ ಕೌಂಟರ್ ಮುಚ್ಚಿದ ಮೇಲೆ ಜಮಾ ಖರ್ಚು ಎರಡೂ ಕಡೆಯ ಮೊತ್ತ ತಾಳೆಯಾಗಬೇಕು, ಇಲ್ಲವಾದರೆ ಯಾರೂ ಮನೆಗೆ ಹೋಗುವಂತಿಲ್ಲ. ಒಂದು ಶುಕ್ರವಾರ ನಮ್ಮ ಶಾಖೆಯಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂತು. ಏಳು ಗಂಟೆಯಾಯಿತು, ಎಂಟಾಯಿತು. ಒಬ್ಬರು ಜೇಬಿನಿಂದ ಹತ್ತು ಪೈಸೆ ತೆಗೆದು ಮೇಜಿನ ಮೇಲಿಟ್ಟು “ಮುಗಿಸಿ ಸಾರ್” ಎಂದರು. ಅಕೌಂಟೆಂಟ್ ನಕ್ಕು ಅದನ್ನು ವಾಪಸ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು “ಸಿಕ್ತು, ಸಿಕ್ತು!” ಎಂದು ಕೂಗಿದರು. ಅವರ ಕೈಯಲ್ಲಿ ಸರಿಯಾಗಿ ಹತ್ತು ಪೈಸೆಯ ವೋಚರ್ ಇತ್ತು. ನಾವೆಲ್ಲ ಟಿಫನ್ ಡಬ್ಬಿ ಎತ್ತಿಕೊಂಡೆವು. ಅಕೌಂಟೆಂಟ್ ಮಾತ್ರ ಏಳಲಿಲ್ಲ. “ಮೊತ್ತ ಹೊಂದಿತು ಅಂದ ಮಾತ್ರಕ್ಕೆ ಅದೇ ಅಂತ ಹೇಗ್ರೀ ಹೇಳ್ತೀರಿ? ಲೆಡ್ಜರ್ ತೆಗೀರಿ” ಎಂದರು. ತೆಗೆದು ನೋಡಿದರೆ ಆ ವೋಚರ್ ಸರಿಯಾಗಿಯೇ ಲೆಡ್ಜರಿಗೆ ಏರಿತ್ತು. ಕೊನೆಗೆ ಸಿಕ್ಕಿದ್ದು ಎರಡು ತಪ್ಪು. ಒಂದು ಕಡೆ ಒಂದು ರೂಪಾಯಿ ಹೆಚ್ಚು, ಇನ್ನೊಂದು ಕಡೆ ತೊಂಬತ್ತು ಪೈಸೆ ಹೆಚ್ಚು. ಎರಡೂ ಒಂದನ್ನೊಂದು ಹೊಡೆದುಹಾಕಿ ಹತ್ತು ಪೈಸೆ ಉಳಿದಿತ್ತು. ಆ ಹತ್ತು ಪೈಸೆಯ ವೋಚರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ವಿಜ್ಞಾನಿಗಳಿಗೂ ಇದೇ ಕಷ್ಟ ಬಂದಿತ್ತು, ಅದೂ ನಮ್ಮ ದೇಶದಲ್ಲೇ.

ನೀಲಗಿರಿಯ ಊಟಿಯ ಹತ್ತಿರ, ಗೋವಿಂದ ಸ್ವರೂಪ್ ಅವರ ಯೋಜನೆಯಂತೆ 1970ರಲ್ಲಿ ಒಂದು ರೇಡಿಯೋ ದೂರದರ್ಶಕ ಎದ್ದಿತು. ಉದ್ದ 530 ಮೀಟರ್, ಅಗಲ 30 ಮೀಟರ್. ಭೂಮಿಯ ಅಕ್ಷಕ್ಕೆ ಸಮನಾಗಿ ಇಳಿಜಾರಾಗಿರುವ ಬೆಟ್ಟವನ್ನೇ ಹುಡುಕಿ ಅದರ ಮೈಮೇಲೆ ಮಲಗಿಸಿದ್ದಾರೆ. 1973ರ ಕೊನೆಯಲ್ಲಿ ಕೊಹುಟೆಕ್ ಧೂಮಕೇತು ಬಂತು. ‘ಶತಮಾನದ ಧೂಮಕೇತು’ ಎಂದು ಪತ್ರಿಕೆಗಳೆಲ್ಲ ಕೂಗಿದ್ದವು. ಕಣ್ಣಿಗೆ ಅದು ಮಂಕಾಗಿ ಕಂಡು ಎಲ್ಲರಿಗೂ ನಿರಾಸೆಯಾಯಿತು. ಆದರೆ ರೇಡಿಯೋ ಕಿವಿಗಳಿಗೆ ನಿರಾಸೆಯಾಗಲಿಲ್ಲ. 1974ರ ಜನವರಿಯಲ್ಲಿ ಅದರ ಬಾಲ ದೂರದ ಒಂದು ರೇಡಿಯೋ ಮೂಲದ ಮುಂದೆ ಹಾಯ್ದಿತು. ಆಗ ಆ ಮೂಲದ ಮಿಣುಕು ಹೆಚ್ಚಾದದ್ದನ್ನು ಊಟಿಯಲ್ಲಿ ಎಸ್. ಅನಂತಕೃಷ್ಣನ್ ಮತ್ತು ಸಂಗಡಿಗರು ದಾಖಲಿಸಿದರು.

ಹನ್ನೆರಡು ವರ್ಷದ ಮೇಲೆ ಹ್ಯಾಲಿ ಬಂತು. 1985ರ ಡಿಸೆಂಬರಿನಲ್ಲಿ ಅದರ ಬಾಲ ಇನ್ನೊಂದು ರೇಡಿಯೋ ಮೂಲದ ಮುಂದೆ ಹಾಯುವಾಗ ಮಿಣುಕು ಹೆಚ್ಚಿತು ಎಂದು ಅಹಮದಾಬಾದಿನ ತಂಡ ಪ್ರಕಟಿಸಿತು. ಮರುವರ್ಷ, ಆಗಲೂ ಊಟಿಯಲ್ಲಿದ್ದ ಅನಂತಕೃಷ್ಣನ್ ಅವರ ತಂಡವೇ ಬೇರೆ ಮಾತು ಹೇಳಿತು. ತಮ್ಮ ದಾಖಲೆಯಲ್ಲಿ ಹ್ಯಾಲಿಯ ಬಾಲದ್ದೇ ಎಂದು ಒಪ್ಪುವಂಥ ಹೆಚ್ಚಳ ಕಾಣಲಿಲ್ಲ ಎಂದರು. ಸೂರ್ಯನ ಗಾಳಿಯೇ ಒಮ್ಮೊಮ್ಮೆ ದಟ್ಟವಾಗಿ ಬೀಸುತ್ತದೆ, ಅದೂ ಮಿಣುಕನ್ನು ಹೆಚ್ಚಿಸುತ್ತದೆ. ಒಂದೇ ದಿನ ಎರಡೂ ಬಂದರೆ ಬೇರೆ ಮಾಡುವುದು ಹೇಗೆ? ಮೊದಲ ಸಲ ಬಾಲದ ಗುರುತು ಕಂಡವರೇ ಎರಡನೆಯ ಸಲ “ಲೆಡ್ಜರ್ ತೆಗೀರಿ” ಎಂದರು ನೋಡಿ. ಅದು ನನಗೆ ಬಹಳ ಮೆಚ್ಚುಗೆಯಾಯಿತು.

ಮಿಣುಕಿಗಿಂತ ಪಲ್ಸಾರಿನ ಮಿಡಿತ ಉತ್ತಮ ಸಾಕ್ಷಿ ಎನ್ನುವುದು ಇದಕ್ಕೇ. ಮಿಣುಕು ‘ಏನೋ ಅಲುಗಾಡಿತು’ ಎನ್ನುತ್ತದೆ ಅಷ್ಟೆ. ಮಿಡಿತದ ತಡ ‘ಇಷ್ಟು ಎಲೆಕ್ಟ್ರಾನ್’ ಎಂದು ಅಂಕಿ ಕೊಡುತ್ತದೆ. ಸೂರ್ಯನ ವಿಷಯದಲ್ಲಿ ಇದನ್ನು ಮಾಡಿಯೂ ತೋರಿಸಿದ್ದಾರೆ. ಪ್ರತಿ ವರ್ಷ ಜೂನ್ ಮಧ್ಯದಲ್ಲಿ ಸೂರ್ಯ ಏಡಿ ನೀಹಾರಿಕೆಯ ಪಕ್ಕದಲ್ಲೇ ಹಾಯುತ್ತಾನೆ. ಅದರೊಳಗೆ ಒಂದು ಪಲ್ಸಾರ್ ಇದೆ. 1969 ಮತ್ತು 1970ರ ಜೂನ್ ತಿಂಗಳಲ್ಲಿ ಅರೆಸಿಬೊ ದೂರದರ್ಶಕದಿಂದ ಅದರ ಮಿಡಿತ ಅಳೆದು, ಸೂರ್ಯನ ಹೊರಕವಚದಲ್ಲಿ ಎಲೆಕ್ಟ್ರಾನ್ ಎಷ್ಟು ದಟ್ಟ ಎಂದು ಲೆಕ್ಕ ಕಟ್ಟಿದರು. ಸೂರ್ಯನ ಮರೆಯಲ್ಲಿ ಏಡಿ ನೀಹಾರಿಕೆ ಹೇಗೆ ಕಾಣುತ್ತದೆ ಎಂದು ಗೌರಿಬಿದನೂರಿನವರೂ ಜೂನ್ ತಿಂಗಳಲ್ಲಿ ನೋಡಿದ್ದಾರೆ.

ಸೂರ್ಯನಾದರೆ ವರ್ಷ ವರ್ಷವೂ ಹೇಳಿದ ದಿನಕ್ಕೆ ಬರುತ್ತಾನೆ. ಧೂಮಕೇತುವಿಗೆ ಆ ಶಿಸ್ತಿಲ್ಲ. ಅದರ ತಲೆಯ ಹತ್ತಿರದ ದಟ್ಟ ಹಬೆ ಒಂದು ಒಳ್ಳೆಯ ಪಲ್ಸಾರಿನ ಮುಂದೆಯೇ ಹಾಯಬೇಕು. ಒಂದು ಸೆಕೆಂಡಿಗೆ ನೂರಾರು ಸಲ ಮಿಡಿಯುವ ಪಲ್ಸಾರ್ ಆದರೆ ಇನ್ನೂ ಅನುಕೂಲ. ಅಂಥದ್ದನ್ನು ಮೊದಲು ಕಂಡದ್ದು 1982ರಲ್ಲಿ. ಧೂಮಕೇತು ಹಾಯುವ ಮೊದಲೂ ಹಾಯ್ದ ಮೇಲೂ ಅಳೆಯಬೇಕು, ಅಂದರೆ ಆರಂಭದ ಶಿಲ್ಕು, ಅಂತ್ಯದ ಶಿಲ್ಕು. ಪಕ್ಕದ ಇನ್ನೊಂದು ಪಲ್ಸಾರನ್ನೂ ಅಳೆದು, ಅಲ್ಲಿ ತಡ ಹೆಚ್ಚಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಲ್ಲೂ ಹೆಚ್ಚಿದ್ದರೆ ಅದು ಸೂರ್ಯನ ಗಾಳಿಯ ಬಾಬತ್ತು, ಧೂಮಕೇತುವಿನದಲ್ಲ. ಬೇರೆ ಬೇರೆ ಊರಿನ ದೂರದರ್ಶಕಗಳಲ್ಲಿ ಅಳೆದರೆ ತಲೆಯ ಮೇಲಿನ ಅಯಾನುಗೋಳದ ಪಾಲನ್ನು ಕಳೆಯಬಹುದು. ಇಷ್ಟೆಲ್ಲ ಕಳೆದು ಉಳಿದದ್ದು ಮಾತ್ರ ಧೂಮಕೇತುವಿನ ಲೆಕ್ಕಕ್ಕೆ.

ಈಗ ಎರಡನೆಯ ಪ್ರಶ್ನೆ. ಪುಟ್ಟೀ, ನಿಮ್ಮ ಅಜ್ಜಿ ಹೇಳುವುದನ್ನು ನಗೆಯಾಡಬೇಡ. ಅವರು ಕೇಳಿಕೊಂಡು ಬಂದದ್ದನ್ನು ಹೇಳುತ್ತಾರೆ. ನಮ್ಮ ಮನೆಯಲ್ಲೂ ಅದನ್ನೇ ಹೇಳುತ್ತಿದ್ದರು. ಅದರ ಬಿಸಿ ತಾಕಿದ್ದು ನಮ್ಮಜ್ಜಿಗೆ.

1910ರಲ್ಲಿ ಹ್ಯಾಲಿ ಬಂದಾಗ ಲೋಕವೆಲ್ಲ ಹೆದರಿತ್ತು. ಮೇ ತಿಂಗಳಲ್ಲಿ ಭೂಮಿ ಅದರ ಬಾಲದೊಳಗೆ ಹಾಯುತ್ತದೆ, ವಿಷಾನಿಲದಿಂದ ಎಲ್ಲರೂ ಸಾಯುತ್ತಾರೆ ಎಂದು ಪರದೇಶಗಳಲ್ಲಿ ಧೂಮಕೇತುವಿನ ಗುಳಿಗೆಗಳನ್ನೇ ಮಾರಿದರು. ಅದೇ ಮೇ 6ರಂದು ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್ ತೀರಿಕೊಂಡರು. ಇನ್ನೇನು ಬೇಕು? ಬಾಲದ ಚುಕ್ಕಿ ದೊರೆಯನ್ನು ತಿಂದಿತು ಎಂದು ಮಾತು ಹಬ್ಬಿತು. ಭೂಮಿ ಬಾಲವನ್ನು ದಾಟಿತು, ಯಾರಿಗೂ ಒಂದು ಸೀನು ಕೂಡ ಬರಲಿಲ್ಲ. ಒಂದು ಘನ ಸೆಂಟಿಮೀಟರಿಗೆ ಸಾವಿರ ಎಲೆಕ್ಟ್ರಾನ್ ಎಂದೆನಲ್ಲ, ಅದಕ್ಕಿಂತ ದಟ್ಟವಾದ ಹೊಗೆ ನಮ್ಮ ಒಂದು ಊದಿನಕಡ್ಡಿಯಲ್ಲಿ ಇದೆ.

ಆ ವರ್ಷ ನಮ್ಮಜ್ಜಿಗೆ ಹದಿನಾಲ್ಕು. ಅದೇ ಬೇಸಿಗೆಯಲ್ಲಿ ಸೊಸೆಯಾಗಿ ಮನೆ ತುಂಬಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮಾವನವರಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು, ನಾಲ್ಕನೇ ದಿನಕ್ಕೆ ಹೋಗಿಬಿಟ್ಟರು. “ಧೂಮಕೇತುವಿನ ವರ್ಷ ಕಾಲಿಟ್ಟವಳು, ಕಾಲ್ಗುಣ ನೋಡಿ” ಎಂದು ಮನೆಯವರು ಎಂದರು. ಒಮ್ಮೆ ಅಂದು ಬಿಡಲಿಲ್ಲ. ಹಾಲು ಉಕ್ಕಿದರೆ, ಹಸು ಸತ್ತರೆ, ಮಗು ಫೇಲಾದರೆ ಅದೇ ಮಾತು. ನಾನು ಚಿಕ್ಕವನಾಗಿದ್ದಾಗ ಅವರಿಗೆ ಅರವತ್ತು ದಾಟಿತ್ತು. ಮನೆಗೆ ಹೊಸ ಸೊಸೆ ಬರುವ ದಿನ ಅವರು ಎದುರಿಗೆ ಬರದೆ ಹಿತ್ತಲಿನಲ್ಲಿ ಕೂತಿರುತ್ತಿದ್ದರು. ಯಾಕಜ್ಜಿ ಎಂದರೆ “ನನ್ನ ಕಾಲ್ಗುಣ ಯಾಕೆ ತಾಕಬೇಕು ಮಗು ಆ ಹುಡುಗಿಗೆ” ಎನ್ನುತ್ತಿದ್ದರು. ತಮ್ಮ ಮೇಲೆ ಬಂದ ಆರೋಪವನ್ನು ಅವರೇ ನಂಬಿಬಿಟ್ಟಿದ್ದರು.

ಕಂಕುಳಲ್ಲಿ ಗಡ್ಡೆ ಏಳುವುದು ಪ್ಲೇಗಿನ ಗುರುತು. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ ಅದಾದ ಮೇಲೆ, ಜನರಿಗೆ ಗಾಳಿ ಬೆಳಕು ಇರಲಿ ಎಂದು. ಧೂಮಕೇತು ಬರುವ ಹನ್ನೆರಡು ವರ್ಷ ಮೊದಲೇ ಆ ಕಾಯಿಲೆ ಈ ನಾಡಿಗೆ ಬಂದಾಗಿತ್ತು. ಹ್ಯಾಲಿ ಇಲ್ಲದ ವರ್ಷವೂ ಜನ ಸತ್ತರು, ಹೊಸ ಸೊಸೆ ಬಾರದ ಮನೆಯಲ್ಲೂ ಸತ್ತರು. ಅಂದರೆ ಪಕ್ಕದ ಪಲ್ಸಾರಿನಲ್ಲೂ ತಡ ಇತ್ತು. ಯಾರೂ ಲೆಡ್ಜರ್ ತೆಗೆದು ನೋಡಲಿಲ್ಲ. ದಿನ ಹೊಂದಿತು, ಹತ್ತು ಪೈಸೆಯ ವೋಚರ್ ಕೈಗೆ ಸಿಕ್ಕಿತು, ಅದು ಹದಿನಾಲ್ಕು ವರ್ಷದ ಹುಡುಗಿಯಾಗಿತ್ತು.

ಆದ್ದರಿಂದ ನಿನ್ನ ಅಜ್ಜಿಗೆ ಹೀಗೆ ಹೇಳು. “ಅಜ್ಜೀ, ಬಾಲದ ಚುಕ್ಕಿ ಬಂದ ವರ್ಷ ಕೆಟ್ಟದ್ದು ನಡೆದಿರಬಹುದು. ಬಾರದ ವರ್ಷ ಏನೇನು ನಡೆಯಿತು, ಅದನ್ನೂ ಬರೆದು ಎರಡನ್ನೂ ತಾಳೆ ನೋಡೋಣವಾ?” ಇಬ್ಬರೂ ಕೂತು ಪಟ್ಟಿ ಮಾಡಿ. 1986ರಲ್ಲಿ ಹ್ಯಾಲಿ ಬಂದಿತ್ತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ನಮ್ಮ ಬೆಂಗಳೂರಿನ ಮೂಡಣದಲ್ಲೇ ಬೆಳಗಿನ ಜಾವ ಕಂಡಿತ್ತು. ಆ ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಯಾರು ಹುಟ್ಟಿದರು, ಯಾರಿಗೆ ಕೆಲಸ ಸಿಕ್ಕಿತು ಎಂದೂ ಅಜ್ಜಿಯನ್ನು ಕೇಳು. ಒಳ್ಳೆಯದನ್ನೂ ಖಾತೆಗೆ ಹಾಕಬೇಕು, ಇಲ್ಲದಿದ್ದರೆ ತಾಳೆಯಾಗುವುದಿಲ್ಲ. ಪಟ್ಟಿ ಮುಗಿದ ಮೇಲೆ ಕಾರ್ಡು ಬರೆದು ತಿಳಿಸು.

ಈ ವಾರದ ಲೆಕ್ಕ: ಕಂಪನಾಂಕ ಎರಡು ಪಟ್ಟಾದರೆ ತಡ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. 34.5 ಮೆಗಾಹರ್ಟ್ಸ್‌ನಲ್ಲಿ ತಡ 43 ಸೆಕೆಂಡ್ ಇದ್ದರೆ 69ರಲ್ಲಿ ಎಷ್ಟು? 138ರಲ್ಲಿ ಎಷ್ಟು? ಕ್ಯಾಲ್ಕುಲೇಟರ್ ಮುಟ್ಟಬೇಡಿ, ಅಜ್ಜಿ ತಾತಂದಿರು ಬಾಯಲ್ಲೇ ಹೇಳಿಬಿಡಬಹುದು, ಅವರಿಗಿಂತ ಮೊದಲು ಹೇಳಿ ನೋಡೋಣ. ಉತ್ತರ ಮುಂದಿನ ವಾರ.